ಗೋಖಲೆಯವರ ಮೂರು ‘ಟು’

ಧಾರವಾಡದವಳಾದ ನಾನು ಪುಣೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ‘ಅಪಾಲಜೈಸ್’ ಎಂಬ ಕ್ರಿಯಾಪದ ಬಂದಾಗ ವ್ಯಾಕರಣ ಬದಿಗಿಟ್ಟು ಇದೇ ಊರಿನ 1897ರ ಕತೆ ಹೇಳುತ್ತೇನೆ. ಯಾರಲ್ಲಿ ಕ್ಷಮೆ ಕೇಳುತ್ತೇವೋ ಅವರ ಹೆಸರಿಗೆ ಮೊದಲು ‘ಟು’, ಯಾವ ತಪ್ಪಿಗೋ ಅದಕ್ಕೆ ಮೊದಲು ‘ಫಾರ್’. ನಿಯಮ ಇಷ್ಟೇ. ಆದರೆ ಈ ಎರಡು ಜಾಗಗಳನ್ನು ತುಂಬಿದ್ದಕ್ಕೆ ಗೋಪಾಲಕೃಷ್ಣ ಗೋಖಲೆ ತೆತ್ತ ಬೆಲೆ ದೊಡ್ಡದು.

ಆ ವರ್ಷ ಪುಣೆಯಲ್ಲಿ ಪ್ಲೇಗ್. ಪ್ಲೇಗ್ ಸಮಿತಿಯ ಅಧ್ಯಕ್ಷ ರ್ಯಾಂಡ್ ಮನೆಮನೆ ಶೋಧಿಸಲು ಗೋರಾ ಸಿಪಾಯಿಗಳನ್ನು ಇಳಿಸಿದ. ಅಡುಗೆಮನೆ, ದೇವರಮನೆ ಯಾವುದೂ ಉಳಿಯಲಿಲ್ಲ. ಮುಂದೆ ಆಲೂರ ವೆಂಕಟರಾಯರು, ಬೇಂದ್ರೆ ಓದಿದ ಫರ್ಗ್ಯುಸನ್ ಕಾಲೇಜಿನಲ್ಲಿ ಗೋಖಲೆ ಆಗ ಪ್ರಾಧ್ಯಾಪಕರು. ಭಾರತ ಸರ್ಕಾರದ ಖರ್ಚುವೆಚ್ಚ ಪರಿಶೀಲಿಸುತ್ತಿದ್ದ ವೆಲ್ಬಿ ಆಯೋಗಕ್ಕೆ ಸಾಕ್ಷಿ ಹೇಳಲು ಇಂಗ್ಲೆಂಡಿಗೆ ಹೋಗಿದ್ದರು. ಊರಿನಿಂದ ಬಂದ ಪತ್ರಗಳನ್ನು ನಂಬಿ, ಸಿಪಾಯಿಗಳು ಇಬ್ಬರು ಹೆಂಗಸರ ಮಾನಭಂಗ ಮಾಡಿದರು, ಅವರಲ್ಲೊಬ್ಬಳು ಪ್ರಾಣ ಕಳೆದುಕೊಂಡಳು ಎಂದು ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಗೆ ಹೇಳಿದರು. ಅದಕ್ಕೆ ಕೆಲವೇ ದಿನ ಮೊದಲು, ಜೂನ್ 22ರ ರಾತ್ರಿ, ಗಣೇಶಖಿಂಡ ರಸ್ತೆಯಲ್ಲಿ ಚಾಪೇಕರ್ ಸಹೋದರರು ರ್ಯಾಂಡ್‌ಗೆ ಗುಂಡು ಹೊಡೆದಿದ್ದರು. ಸರ್ಕಾರ ಕೆರಳಿತ್ತು. ಜುಲೈ ಕೊನೆಗೆ ಗೋಖಲೆ ಮುಂಬಯಿಗೆ ಬಂದಿಳಿದಾಗ ಅವರ ಕೈಯಲ್ಲಿ ಸರ್ಕಾರದ ಮುಂದೆ ಇಡಬಹುದಾದ ಪುರಾವೆ ಇರಲಿಲ್ಲ.

ಆಗಸ್ಟ್ ಮೊದಲ ವಾರ ಅವರ ಕ್ಷಮಾಪಣೆ ಪತ್ರಿಕೆಗಳಲ್ಲಿ ಅಚ್ಚಾಯಿತು. ಅದರಲ್ಲಿ ಮೂರು ‘ಟು’: ಗವರ್ನರ್‌ಗೆ, ಪ್ಲೇಗ್ ಸಮಿತಿಯ ಸದಸ್ಯರಿಗೆ, ಪ್ಲೇಗ್ ಕೆಲಸದ ಸಿಪಾಯಿಗಳಿಗೆ. ರುಜುವಾತಿಲ್ಲದ ಆರೋಪಕ್ಕೆ ಕ್ಷಮೆ ಕೇಳಿದ್ದು ಪ್ರಾಮಾಣಿಕತೆಯೇ. ಆದರೆ ಮೂರನೆಯ ‘ಟು’ ಸಿಪಾಯಿಗಳ ಇಡೀ ಶೋಧಕಾರ್ಯವೇ ನಿರ್ದೋಷವೆಂದು ಒಪ್ಪಿದಂತಾಯಿತೆಂಬುದು ನನ್ನ ಓದು. ಸಿಪಾಯಿಗಳು ಯಾರ ಮನೆಗೆ ನುಗ್ಗಿದ್ದರೋ ಅವರಿಗೆ ಅದು ಹೇಗೆ ಕೇಳಿಸಿರಬೇಕು!

ಆ ಹೊತ್ತಿಗೆ ತಿಲಕರು ರಾಜದ್ರೋಹದ ಆರೋಪದಲ್ಲಿ ಬಂಧಿತರು. ಕ್ಷಮೆ ಕೇಳಲು ಒಪ್ಪದ ಅವರಿಗೆ ಸೆಪ್ಟೆಂಬರಿನಲ್ಲಿ 18 ತಿಂಗಳ ಶಿಕ್ಷೆಯಾಯಿತು. ಅವರಿಗೆ ಹಳೆಯ ಅನುಭವವಿತ್ತು. 1882ರಲ್ಲಿ ಕೊಲ್ಹಾಪುರದ ದಿವಾನರ ಮಾನನಷ್ಟ ಮೊಕದ್ದಮೆಯಲ್ಲಿ, ಆಧಾರವೆಂದು ನಂಬಿದ್ದ ಪತ್ರಗಳು ನಕಲಿಯೆಂದು ತಿಳಿದ ಮೇಲೆ ಅವರೂ ಅವರ ಪತ್ರಿಕೆಯ ಜೊತೆಗಾರ ಆಗರ್ಕರರೂ ಕ್ಷಮೆ ಕೇಳಿದ್ದರು. ಆದರೂ ಡೋಂಗ್ರಿ ಜೈಲಿನಲ್ಲಿ 101 ದಿನ ಕಳೆಯಬೇಕಾಯಿತು.

ಕ್ಷಮೆ ಕೇಳಿದ್ದಕ್ಕೆ ಗೋಖಲೆಯವರ ಮೇಲೆ ಎದ್ದ ಸಿಟ್ಟು ಡಿಸೆಂಬರಿನ ಅಮರಾವತಿ ಕಾಂಗ್ರೆಸ್‌ವರೆಗೂ ಅವರನ್ನು ಬೆನ್ನಟ್ಟಿತು. ಅವರು ಕಾಂಗ್ರೆಸ್ ಅಧ್ಯಕ್ಷರಾದದ್ದು ಎಂಟು ವರ್ಷಗಳ ನಂತರ, 1905ರಲ್ಲಿ, ಬನಾರಸಿನಲ್ಲಿ.

ಹುಡುಗರಿಗೆ ನಾನು ಹೇಳುವುದು ಇಷ್ಟು: ಮೊದಲು ‘ಫಾರ್’ ಬರೆಯಿರಿ. ಯಾವುದಕ್ಕೆ ಕ್ಷಮೆ ಎಂಬುದು ಖಚಿತವಾದರೆ, ಎಷ್ಟು ‘ಟು’ ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.