ಗೆರೆಯಾಚೆಯ ವಸ್ತಾದರು

ಕೃಷ್ಣೆಯ ದಂಡೆಯ ಗಲಗಲಿಯಿಂದ ಜಮಖಂಡಿ, ಮುಧೋಳದವರೆಗಿನ ಸೀಮೆಯಲ್ಲಿ ಯಾವುದಾದರೂ ಪೈಲ್ವಾನನ ಹೆಸರೆತ್ತಿದರೆ 'ವಸ್ತಾದ ಯಾರು?' ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಗರಡಿಮನೆಯಲ್ಲಿ ಪಟ್ಟು ಹೇಳಿಕೊಟ್ಟವನಿಗೂ ಗೆಲುವಿನಲ್ಲಿ ಪಾಲುಂಟು ಎಂಬುದು ಅಲ್ಲಿನವರಿಗೆ ಗೊತ್ತು. ಕರ್ನಾಟಕದ ಫುಟ್‌ಬಾಲ್ ಚರಿತ್ರೆ ಮಾತ್ರ ಈ ಪ್ರಶ್ನೆಯನ್ನು ಬಹುಕಾಲ ಕೇಳಲೇ ಇಲ್ಲ. ಗೋಲು ಹೊಡೆದವರು ನೆನಪಿನಲ್ಲಿ ಉಳಿದರು. ಗೆರೆಯಾಚೆ ನಿಂತು ಆಡಿಸಿದವರು ಮರೆಯಾದರು.

ಬೆಂಗಳೂರಿನ ಫುಟ್‌ಬಾಲ್ ಏನೂ ಸಣ್ಣದಲ್ಲ. ಮುಂಬಯಿಯ ರೋವರ್ಸ್ ಕಪ್ ದಶಕಗಳ ಕಾಲ ದಂಡಿನ ತಂಡಗಳ ಸ್ವತ್ತಿನಂತಿತ್ತು. 1937ರಲ್ಲಿ ಅದನ್ನು ಬೆಂಗಳೂರು ಮುಸ್ಲಿಮ್ಸ್ ತಂಡ ಕಸಿದು ತಂದಿತು, ಮರುವರ್ಷ ಮತ್ತೆ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಅಹ್ಮದ್ ಖಾನ್, ರಾಮನ್, ಧನರಾಜ್, ವಜ್ರವೇಲು ಎಲ್ಲರೂ ಬೆಂಗಳೂರಿನವರು. ಫ್ರಾನ್ಸ್ ವಿರುದ್ಧ 1-2ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ರಾಮನ್ ಅವರದು. ತಂಡದ ಬಹುತೇಕರು ಬರಿಗಾಲಲ್ಲೇ ಆಡಿದ್ದರು. ಮೈಸೂರು ರಾಜ್ಯ 1946-47ರಲ್ಲಿ ಮೊದಲ ಸಲ ಸಂತೋಷ್ ಟ್ರೋಫಿ ಗೆದ್ದಿತು. 1952-53, 1967-68, 1968-69ರಲ್ಲಿ ಮತ್ತೆ ಗೆದ್ದಿತು.

ಇಷ್ಟು ಪ್ರತಿಭೆಯಿದ್ದ ಆಟಗಾರರನ್ನು ರಾಷ್ಟ್ರೀಯ ತಂಡದಲ್ಲಿ ಕಟ್ಟಿ ನಿಲ್ಲಿಸಿದ ವಸ್ತಾದ ನೆರೆಯ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲಾ ಶಿಕ್ಷಕರು. ಕಲಬುರಗಿ, ಬೀದರ್, ರಾಯಚೂರು ಇನ್ನೂ ನಿಜಾಮನ ಆಳ್ವಿಕೆಯಲ್ಲಿದ್ದ 1943ರಲ್ಲೇ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಮೇಷ್ಟರ ಬುದ್ಧಿ ಅವರ ತರಬೇತಿಯಲ್ಲೂ ಕಾಣುತ್ತಿತ್ತು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವುದನ್ನು ನಿಷೇಧಿಸಿದ ಪಂದ್ಯಾವಳಿ ಏರ್ಪಡಿಸಿ ಹುಡುಗರಿಗೆ ಪಾಸ್ ಕೊಡುವುದನ್ನು ರೂಢಿ ಮಾಡಿಸುತ್ತಿದ್ದರು. ಬಲವಿಲ್ಲದ ಕಾಲಿನಿಂದಲೇ ಆಡಬೇಕೆಂಬ ಕಟ್ಟಳೆಯನ್ನೂ ಹಾಕುತ್ತಿದ್ದರು. ಅವರ ಕೈಕೆಳಗೆ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು.

ರಹೀಂ ತರಬೇತಿಯ ಭಾರತ ತಂಡಕ್ಕೆ 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಚಿನ್ನ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಎದುರು 1-10ರ ಘೋರ ಸೋಲು. ಆ ಒಂದು ಗೋಲು ಹೊಡೆದವರು ನಮ್ಮ ಅಹ್ಮದ್ ಖಾನ್. ಬರಿಗಾಲಿನ ಆಟಕ್ಕೆ ಕಾಲ ಮುಗಿದಿದೆ ಎಂದು ದೇಶಕ್ಕೆ ಅರಿವಾದದ್ದೂ ಅಲ್ಲೇ. ನಾಲ್ಕೇ ವರ್ಷಗಳಲ್ಲಿ ರಹೀಂ ತಂಡವನ್ನು ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನಕ್ಕೆ ಏರಿಸಿದರು. ಮೈಸೂರಿನಿಂದ ಕಲ್ಕತ್ತೆಯ ಮೋಹನ್ ಬಗಾನ್‌ಗೆ ಹೋದ ಕೆಂಪಯ್ಯ ಆ ತಂಡದಲ್ಲಿದ್ದರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿ ಚಿನ್ನ ತಂದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ರಹೀಂ ಆಗಲೇ ಕ್ಯಾನ್ಸರಿನಿಂದ ಸವೆದಿದ್ದರು. 1963ರ ಜೂನ್‌ನಲ್ಲಿ ತೀರಿಕೊಂಡರು. ಭಾರತದ ಪುರುಷರ ತಂಡ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನು ಮತ್ತೆ ಮುಟ್ಟಿಲ್ಲ.

ಮುಂದಿನ ದಶಕಗಳಲ್ಲಿ ಬೆಂಗಳೂರಿನ ಆಟವನ್ನು ಬದುಕಿಸಿದ್ದು ಕಾರ್ಖಾನೆಗಳು. ಐಟಿಐ, ಎಚ್‌ಎಎಲ್ ತಂಡಗಳು ಆಡುವ ಹುಡುಗರಿಗೆ ಕೆಲಸ ಕೊಟ್ಟವು, ಸಂಜೆ ಮೈದಾನವನ್ನೂ ಕೊಟ್ಟವು. ಆಸ್ಟಿನ್ ಟೌನ್, ಗೌತಮಪುರದಂಥ ಬಡಾವಣೆಗಳು ಹುಡುಗರನ್ನು ಕಳಿಸುತ್ತಲೇ ಇದ್ದವು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಆದರೆ ಪಾಳಿ ಮುಗಿಸಿ ಬಂದು ಆಡುವ ತಂಡ, ಹಗಲೆಲ್ಲ ಆಟವೇ ಕಸುಬಾದ ತಂಡದೆದುರು ನಿಲ್ಲುವುದು ಕಷ್ಟ. 2012ರಲ್ಲಿ ಎಚ್‌ಎಎಲ್ ಐ-ಲೀಗ್‌ನಿಂದ ಕೆಳಗಿಳಿಯಿತು.

ಮರುವರ್ಷ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿ ಕಟ್ಟಿ, ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್ ಅವರ ಕೈಗೆ ಕೊಟ್ಟಿತು. 37ನೇ ವಯಸ್ಸಿಗೆ ಕಾಲಿಡುತ್ತಿದ್ದ ವೆಸ್ಟ್‌ವುಡ್ ಅದುವರೆಗೆ ಎಲ್ಲೂ ಮುಖ್ಯ ತರಬೇತುದಾರರಾಗಿ ಹೆಸರು ಮಾಡಿದವರಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದು, ಹಿರಿಯರ ತಂಡದಲ್ಲಿ ಜಾಗ ಸಿಗದೆ ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ ಎಂದು ಊರೂರು ಅಲೆದು ಆಡಿದ ರಕ್ಷಣಾ ಆಟಗಾರ. ಆಮೇಲೆ ಪೋರ್ಟ್ಸ್‌ಮತ್, ಬ್ಲ್ಯಾಕ್‌ಪೂಲ್, ಬ್ಲ್ಯಾಕ್‌ಬರ್ನ್‌ಗಳಲ್ಲಿ ಸಹಾಯಕ ತರಬೇತುದಾರ. ಅಂಥವರ ಕೈಗೆ ಮೈದಾನದ ಗುರುತೂ ಇಲ್ಲದ ಹೊಸ ತಂಡ ಬಂತು. ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 2013ರ ಸೆಪ್ಟೆಂಬರ್‌ನಲ್ಲಿ ಮೊದಲ ಪಂದ್ಯ, ಮೋಹನ್ ಬಗಾನ್ ಜತೆ 1-1ರ ಸಮ.

ಮೊದಲ ವರ್ಷವೇ ಅವರು ಲೀಗ್ ಗೆದ್ದುಬಿಟ್ಟರು. 2014ರ ಏಪ್ರಿಲ್ 21ರಂದು ಮಡಗಾಂವ್‌ನಲ್ಲಿ ಡೆಂಪೊ ತಂಡವನ್ನು 4-2ರಿಂದ ಮಣಿಸಿದಾಗ ಪಟ್ಟ ಖಚಿತವಾಯಿತು. ತಾರೆಯೆಂದರೆ ಸುನಿಲ್ ಚೆಟ್ರಿ ಒಬ್ಬರೇ ಎನ್ನಬಹುದಾಗಿದ್ದ ತಂಡವದು. ಗೆಲುವಿನ ಗುಟ್ಟು ದಣಿವರಿಯದ ಓಟದಲ್ಲಿ, ಎದುರಾಳಿಗೆ ಉಸಿರಾಡಲು ಬಿಡದ ಒತ್ತಡದಲ್ಲಿ, ಕಾರ್ನರ್ ಒದೆತದ ಪಕ್ಕಾ ಅಭ್ಯಾಸದಲ್ಲಿತ್ತು. ಕಾರ್ಖಾನೆ ತಂಡಗಳಿಗೆ ದಕ್ಕದಿದ್ದ ಪೂರ್ಣಾವಧಿಯ ವೃತ್ತಿಶಿಸ್ತನ್ನು ವೆಸ್ಟ್‌ವುಡ್ ಈ ನಗರಕ್ಕೆ ತಂದರು. ನನ್ನ ಲೆಕ್ಕದಲ್ಲಿ ಟ್ರೋಫಿಗಳಿಗಿಂತ ದೊಡ್ಡದು ಇದೇ.

2015ರ ಆರಂಭದಲ್ಲಿ ಫೆಡರೇಶನ್ ಕಪ್ ಬಂತು. ಅದೇ ವರ್ಷದ ಮೇ 31ರಂದು, ಮಳೆಯ ಸಂಜೆ, ಕಂಠೀರವ ಕ್ರೀಡಾಂಗಣದಲ್ಲಿ ಮೋಹನ್ ಬಗಾನ್ ಎದುರು ಗೆದ್ದಿದ್ದರೆ ಲೀಗ್ ಮತ್ತೆ ಬೆಂಗಳೂರಿನದು. ಜಾನ್ ಜಾನ್ಸನ್ ಗೋಲಿನಿಂದ ಮುಂದಿದ್ದ ತಂಡಕ್ಕೆ ಪಂದ್ಯ ಮುಗಿಯಲು ಮೂರ್ನಾಲ್ಕು ನಿಮಿಷವಿರುವಾಗ ಬಗಾನ್‌ನ ಬೆಲ್ಲೊ ರಜಾಕ್ ತಲೆಯಿಂದ ಗೋಲು ಬಡಿದರು. ಪಂದ್ಯ ಸಮ, ಪಟ್ಟ ಕಲ್ಕತ್ತೆಗೆ. ಆ ಪೆಟ್ಟಿನಿಂದ ತಂಡ ಕುಸಿಯಲಿಲ್ಲ. 2016ರಲ್ಲಿ ಲೀಗ್ ಮತ್ತೆ ಗೆದ್ದಿತು. ಆ ಬೇಸಗೆಯಲ್ಲೇ ವೆಸ್ಟ್‌ವುಡ್ ಬೆಂಗಳೂರು ಬಿಟ್ಟರು.

ಅವರ ಜಾಗಕ್ಕೆ ಬಂದ ಆಲ್ಬರ್ಟ್ ರೋಕಾ ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಹಾಯಕರಾಗಿದ್ದವರು. ಅದೇ ವರ್ಷದ ಅಕ್ಟೋಬರ್ 19ರಂದು ಕಂಠೀರವದಲ್ಲಿ ಮಲೇಷ್ಯದ ಜೊಹೋರ್ ತಂಡವನ್ನು 3-1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದರು. ಭಾರತದ ಯಾವ ಕ್ಲಬ್ಬೂ ಅದುವರೆಗೆ ಅಲ್ಲಿಗೆ ಹೋಗಿರಲಿಲ್ಲ. ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ ಎದುರು 0-1ರ ಸೋಲು. ರೋಕಾರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ 2019ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದುಕೊಟ್ಟರು.

ವೆಸ್ಟ್‌ವುಡ್ ಆಮೇಲೆ ಮಲೇಷ್ಯ, ಕೋಲ್ಕತ್ತ, ಪಂಜಾಬ್ ಸುತ್ತಿ ಅಫ್ಘಾನಿಸ್ತಾನದ ರಾಷ್ಟ್ರೀಯ ತಂಡ ಸೇರಿದರು. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ, ಚೆಟ್ರಿ 150ನೇ ಅಂತರರಾಷ್ಟ್ರೀಯ ಪಂದ್ಯವಾಡಿ ಪೆನಾಲ್ಟಿ ಗೋಲು ಹೊಡೆದ ದಿನವೇ, ಅವರ ತಂಡ ಭಾರತವನ್ನು 2-1ರಿಂದ ಸೋಲಿಸಿತು. ಮರುವರ್ಷ ಹಾಂಗ್‌ಕಾಂಗ್ ತರಬೇತುದಾರರಾಗಿ ಭಾರತವನ್ನು ಇನ್ನೊಮ್ಮೆ ಮಣಿಸಿದರು.

ಹೊರಗಿನವರ ಈ ಕಥೆಗಳಿಗೆ ಸಿಕ್ಕ ಪ್ರಚಾರದ ಕಾಲುಭಾಗವೂ ರವಿಬಾಬು ರಾಜು ಅವರಿಗೆ ಸಿಗಲಿಲ್ಲ ಎಂಬುದು ನೋವಿನ ಸಂಗತಿ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ಅವರ ತರಬೇತಿಯ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿತು. ಮೈಸೂರು ರಾಜ್ಯ ಎಂಬ ಹೆಸರಿದ್ದಾಗ ಕೊನೆಯ ಸಲ ಗೆದ್ದ ಸಂತೋಷ್ ಟ್ರೋಫಿ, ಕರ್ನಾಟಕದ ಹೆಸರಿನಲ್ಲಿ ಮೊದಲ ಸಲ, 54 ವರ್ಷಗಳ ಬಳಿಕ ನಾಡಿಗೆ ಬಂತು.