ಗೋಬರ್ ಗ್ಯಾಸಿನ ಹಳೇ ಡ್ರಮ್ಮು, ಅದರ ಚರಿತ್ರೆ, ಅದರ ವೆಲ್ಡಿಂಗು

ಹೋದ ಬೇಸಿಗೆಯಲ್ಲಿ ನಮ್ಮ ಹಿತ್ತಲಿನ ಹಳೇ ಗೋಬರ್ ಗ್ಯಾಸ್ ಡ್ರಮ್ಮನ್ನ ಸ್ಲರಿ ಟ್ಯಾಂಕ್ ಮಾಡಿಸಿದೆ. ನೋಡಕ್ಕೆ ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ಗುಜರಿಗೆ ಹಾಕಿ ಪ್ಲಾಸ್ಟಿಕ್ ಟ್ಯಾಂಕ್ ತರಬಾರದಾಗಿತ್ತಾ?" ಅದಕ್ಕೆ ಉತ್ತರ ಹೇಳಬೇಕಂದ್ರೆ ಆ ಡ್ರಮ್ಮು ನಮ್ಮನೆಗೆ ಯಾಕೆ ಬಂತು, ಯಾಕೆ ನಿಂತೋಯ್ತು ಅನ್ನೋದನ್ನ ಮೊದಲು ಹೇಳಬೇಕು. ನಿಮ್ಮ ಕೊಟ್ಟಿಗೆ ಹಿಂದೆಯೂ ಇಂಥದೊಂದು ಬಿದ್ದಿರಬಹುದು.

ನೀರಿನಲ್ಲಿ ಬೋರಲು ಹಾಕಿದ ಕೊಳಗದ ಹಾಗೆ ಬಗ್ಗಡದ ಮೇಲೆ ತೇಲುವ ಈ ಕಬ್ಬಿಣದ ಡ್ರಮ್ಮಿನ ಮಾದರಿಯನ್ನ ಜಶ್‌ಭಾಯಿ ಪಟೇಲರು 1951ರ ಹೊತ್ತಿಗೆ ರೂಪಿಸಿದರು. ಅದನ್ನ ಖಾದಿ ಗ್ರಾಮೋದ್ಯೋಗ ಆಯೋಗ 1960ರ ದಶಕದ ಶುರುವಲ್ಲಿ ಕೈಗೆತ್ತಿಕೊಂಡು ದೇಶಕ್ಕೆಲ್ಲ ಹರಡಿತು. ಗ್ಯಾಸ್ ತುಂಬಿದ ಹಾಗೆ ಡ್ರಮ್ಮು ಮೇಲೇಳುತ್ತೆ, ಒಲೆ ಹಚ್ಚಿದರೆ ಇಳಿಯುತ್ತೆ. ಡ್ರಮ್ಮಿನ ತೂಕವೇ ಗ್ಯಾಸನ್ನ ಪೈಪಿಗೆ ತಳ್ಳೋದು. 1973ರಲ್ಲಿ ಎಣ್ಣೆ ಬೆಲೆ ಏರಿದ ಮೇಲೆ ಸರ್ಕಾರಕ್ಕೂ ಸಗಣಿ ಕಣ್ಣಿಗೆ ಬಿತ್ತು. 1981-82ರಲ್ಲಿ ರಾಷ್ಟ್ರೀಯ ಯೋಜನೆ ಬಂತು, ಸಬ್ಸಿಡಿ ಬಂತು. ನಮ್ಮಪ್ಪ 1986ರಲ್ಲಿ ಸಾಲ ಮಾಡಿ ಕಟ್ಟಿಸಿದರು.

ಅದೇ ಹೊತ್ತಿಗೆ ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಹಳ್ಳಿಯಲ್ಲಿ ಇನ್ನೂ ದೊಡ್ಡ ಪ್ರಯೋಗ ನಡೀತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ 'ಅಸ್ತ್ರ' ತಂಡದವರು ಇಡೀ ಊರಿಗೆ ಒಂದು ಗ್ಯಾಸ್ ಸ್ಥಾವರ ಮಾಡಿದ್ದರು. ಮೊದಲು ಅಂದುಕೊಂಡಿದ್ದು ಎಲ್ಲರ ಮನೆ ಒಲೆಗೆ. ಅಷ್ಟು ಸಗಣಿ ಊರಲ್ಲಿರಲಿಲ್ಲ. ಊರವರಿಗೆ ಮೊದಲು ಬೇಕಾಗಿದ್ದೂ ಕುಡಿಯೋ ನೀರು. ಹಾಗಾಗಿ 1987ರಿಂದ ಆ ಗ್ಯಾಸು ಡೀಸೆಲ್ ಜೊತೆ ಸೇರಿ ಇಂಜಿನ್ ಓಡಿಸಿತು, ಕೊಳವೆ ಬಾವಿ ನೀರೆತ್ತಿತು, ಮನೆಗೆ ದೀಪ ಕೊಟ್ಟಿತು. ಸಗಣಿ ಕೊಟ್ಟ ಮನೆಗೆ ಗೊಬ್ಬರ ವಾಪಸ್ ಹೋಗ್ತಿತ್ತು. ಊರವರನ್ನ ಕೇಳಿ ಯೋಜನೆ ಬದಲಾಯಿಸಿದ್ದು ನೋಡಿ, ಅದು ನನಗೆ ಬಹಳ ಹಿಡಿಸಿತು. ನಮ್ಮ ಕಡೆ ಯೋಜನೆಗಳು ಮೇಲಿಂದ ಇಳಿದು ಬಂದು ಹಾಗೇ ಕೂತ್ಕೊಳ್ಳುತ್ವೆ.

ಮನೆ ಮಟ್ಟದಲ್ಲಿ ಮಾತ್ರ ಡ್ರಮ್ಮೇ ಶತ್ರು. ಸ್ಥಾವರದ ಖರ್ಚಿನಲ್ಲಿ ದೊಡ್ಡ ಪಾಲು ಈ ಕಬ್ಬಿಣದ್ದು, ಮೊದಲು ಹಾಳಾಗೋದೂ ಇದೇ. ಸಗಣಿ ಗ್ಯಾಸಿನಲ್ಲಿ ಕೊಳೆತ ಮೊಟ್ಟೆ ವಾಸನೆಯ ಗಂಧಕದ ಅನಿಲ ಇರುತ್ತೆ, ತೇವ ಸೇರಿ ತಗಡನ್ನ ತಿನ್ನುತ್ತೆ. ವರ್ಷಕ್ಕೊಂದ್ಸಲ ಬಣ್ಣ ಬಳೀಬೇಕು, ಕೆನೆ ಕಟ್ಟದ ಹಾಗೆ ದಿನಾ ಡ್ರಮ್ಮು ತಿರುಗಿಸಬೇಕು. ಕಬ್ಬಿಣವೇ ಬೇಡ ಅಂತ 1978ರಲ್ಲಿ ಜನತಾ ಮಾದರಿ, 1984ರಲ್ಲಿ ದೀನಬಂಧು ಮಾದರಿ ಬಂದ್ವು, ಎರಡೂ ಇಟ್ಟಿಗೆ ಗುಮ್ಮಟ. ಅಪ್ಪ ಸಾಲಕ್ಕೆ ಸಹಿ ಹಾಕುವಾಗ ದೀನಬಂಧು ಬಂದು ಎರಡು ವರ್ಷ ಆಗಿತ್ತು. ಅವರಿಗೆ ಹೇಳಿದವರಿಲ್ಲ.

ಅಪ್ಪ ಇರೋವರೆಗೂ ಬಣ್ಣ ತಪ್ಪಲಿಲ್ಲ. ಆಮೇಲೆ ನಾನು ಹೊಗೆಸೊಪ್ಪಿನ ಕೆಲಸ, ರಾಮನಾಥಪುರದ ಹರಾಜು ಅಂತ ಓಡಾಡಿಕೊಂಡು ಬಿಟ್ಟುಬಿಟ್ಟೆ. ಸಿಲಿಂಡರ್ ಬಂತು, ಹಸು ಎರಡಕ್ಕಿಳೀತು, 2009ಕ್ಕೆ ಒಲೆ ನಿಂತೋಯ್ತು. ಗುಜರಿಯವರು ಬಂದಾಗಲೆಲ್ಲ ಅವ್ವ ಒಂದೇ ಮಾತು: "ಮಾರ್ಬೇಡ ಕಣ್ಲಾ. ನನ್ನ ಕಣ್ಣಿಗೆ ಹೊಗೆ ತಪ್ಸಿದ್ದು ಅದು."

ಗುಂಡಿಯಿಂದ ಎತ್ತೋದೇ ಮೊದಲ ಕಷ್ಟ. ಹಳೇ ಬಗ್ಗಡದ ಮೇಲೆ ಕೂತಿದ್ದ ಡ್ರಮ್ಮಿನೊಳಗೆ ಗ್ಯಾಸ್ ಇರಲ್ಲ ಅಂತ ನಂಬಬೇಡಿ. ವಾಲ್ವ್ ಬಿಚ್ಚಿ ವಾರ ಬಿಟ್ಟೆ, ಹತ್ತಿರ ಬೀಡಿ ಹಚ್ಚೋಕೂ ಬಿಡಲಿಲ್ಲ. ಚೈನ್ ಹಾಕಿ ಮೇಲಿಂದಲೇ ಎತ್ತಿಸಿದೆ, ಗುಂಡಿಗೆ ಯಾರನ್ನೂ ಇಳಿಸಲಿಲ್ಲ. ಇಂಥ ಗುಂಡಿಗೆ ಇಳಿದವರೂ, ಅವರನ್ನ ಎತ್ತಕ್ಕೆ ಇಳಿದವರೂ ಒಟ್ಟಿಗೇ ಹೋಗಿರೋದನ್ನ ಕೇಳಿದ್ದೀವಲ್ಲ.

ಕೋಣನೂರು ಕಡೆಯ ವೆಲ್ಡಿಂಗ್ ತಮ್ಮ ಬಂದು ನೋಡಿದವನೇ, "ಅಣ್ಣಾ, ಮೊದಲು ಬಾಯಿ ಮೇಲೆ ಮಾಡಿ ಬಿಸಿಲಿಗೆ ಬಿಡಿ, ತೊಳೆದು ತಿಂಗಳಾದ ಮೇಲೆ ಕರೀರಿ" ಅಂತ ಹೇಳಿ ಹೊರಟುಬಿಟ್ಟ. ಆ ಗ್ಯಾಸು ಗಾಳಿಗಿಂತ ಹಗುರ, ಬಾಯಿ ಮೇಲಾದರೆ ಹೋಗುತ್ತೆ. ಮುಚ್ಚಿದ ಡೀಸೆಲ್ ಬ್ಯಾರಲ್ ಆಗಿದ್ದರೆ ಮುಟ್ಟೋದೇ ಇಲ್ಲ ಅಂದ.

ತಿಂಗಳಾದ ಮೇಲೆ ಟಾರು ಬಣ್ಣ ಕೆರೆದಾಗ ಒಂದು ವಿಚಿತ್ರ ಕಂಡಿತು. ಬಗ್ಗಡದಲ್ಲಿ ಮುಳುಗಿದ್ದ ಭಾಗ ಗಟ್ಟಿಯಾಗೇ ಇತ್ತು. ಗಾಳಿ, ಬಗ್ಗಡ ಎರಡೂ ತಾಗುವ ಗೆರೆಯಲ್ಲಿ ಒಂದು ಗೇಣಗಲ ತಗಡು ಹಪ್ಪಳ ಆಗಿತ್ತು. ಮೊದಲ ದಿನ ಅದರ ಮೇಲೇ ಪ್ಯಾಚ್ ಇಡು ಅಂತ ಹಠ ಮಾಡಿದವನು ನಾನು. ಆರ್ಕ್ ತಾಗಿಸಿದ ಕಡೆಯೆಲ್ಲ ತೂತು, ತೂತು ಮುಚ್ಚಕ್ಕೆ ಹೋದರೆ ಪಕ್ಕದಲ್ಲಿ ಇನ್ನೊಂದು. ಅರ್ಧ ಪ್ಯಾಕೆಟ್ ರಾಡು ದಂಡ. ಕೊನೆಗೆ ಆ ಪಟ್ಟಿಯನ್ನ ಸುತ್ತಲೂ ಕತ್ತರಿಸಿ ತೆಗೆದು, ಗಟ್ಟಿ ತಗಡಿನ ಮೇಲೆ ಒಂದೊಂದು ಇಂಚು ಕೂರುವ ಹಾಗೆ ಹೊಸ ತಗಡು ಹಾಕಿದ್ವಿ. ಸಣ್ಣ ರಾಡು, ಕಡಿಮೆ ಕರೆಂಟು. ಇಲ್ಲೊಂದು ಇಂಚು ಬೆಸೆದರೆ ಮುಂದಿನದು ಎದುರು ಬದಿಯಲ್ಲಿ, ಇಲ್ಲದಿದ್ದರೆ ಕಾವಿಗೆ ತಗಡು ಸೊಟ್ಟಗಾಗುತ್ತೆ. ರುದ್ರಪಟ್ಟಣ ಅಂದ್ರೆ ಲೋಕಕ್ಕೆಲ್ಲ ಸಂಗೀತ, ನಮ್ಮ ಹಿತ್ತಲಲ್ಲಿ ನಾಲ್ಕು ದಿನ ಗ್ರೈಂಡರ್ ಕಛೇರಿ.

ಡ್ರಮ್ಮಿನ ತಲೆ ಈಗ ತಳ. ನಡುವಿನ ಪೈಪಿನ ತೂತಿಗೆ ದಪ್ಪ ಪ್ಲೇಟ್ ಕೂರಿಸೋದು ಎಲ್ಲಕ್ಕಿಂತ ಕಷ್ಟ ಆಯ್ತು. ಕಾವೆಲ್ಲ ದಪ್ಪದ ಕಡೆ ಹಿಡಿದು ತೆಳು ತಗಡಿನ ಕಡೆ ಬರೀ ಸವರಬೇಕು. ಮೊದಲ ಸಲ ನೀರು ತುಂಬಿದಾಗ ಅಲ್ಲೇ ಸೋರಿತು. ಖಾಲಿ ಮಾಡಿ, ಉಜ್ಜಿ, ಮತ್ತೆ ಬೆಸೆದ. ಗ್ಯಾಸ್ ಹೋಗುತ್ತಿದ್ದ ತೂತಿಗೇ ಗೇಟ್ ವಾಲ್ವ್ ಕೂರಿಸಿದ್ವಿ, ಈಗ ಅಲ್ಲಿಂದ ಸ್ಲರಿ ಇಳಿಯುತ್ತೆ.

ಐದಡಿ ಅಗಲ, ಮೂರೂಕಾಲು ಅಡಿ ಎತ್ತರ, ಸುಮಾರು 1800 ಲೀಟರ್. ಕಲ್ಲು ಕಟ್ಟೆ ಮೇಲಿಂದ ತೆಂಗಿನ ಬುಡಕ್ಕೆ ಮೋಟಾರಿಲ್ಲದೆ ಹೋಗುತ್ತೆ. ಕೂಲಿ, ತಗಡು, ರಾಡು ಎಲ್ಲ ಲೆಕ್ಕ ಹಾಕಿದರೆ ಪ್ಲಾಸ್ಟಿಕ್ ಟ್ಯಾಂಕಿಗಿಂತ ಅಗ್ಗ ಅಂತ ನಾನು ಹೇಳಲ್ಲ. ಪಡುವಣ ಕಡೆಯ ಒಂದು ಬೆಸುಗೆ ಇನ್ನೂ ಬೆವರುತ್ತೆ. ದೀಪಾವಳಿ ಕಳೆದ ಮೇಲೆ ಖಾಲಿ ಮಾಡಿ ನೋಡಬೇಕು, ಬಣ್ಣಾನೂ ಆಗಲೇ. ಡಬ್ಬ ತಂದು ಅವ್ವನ ಕಣ್ಣಿಗೆ ಬೀಳೋ ಕಡೆ ಇಟ್ಟಿದ್ದೀನಿ.