ಉರಿಯೂತ, ಅರಿಸಿನ ಮತ್ತು ಬರೆದಿಟ್ಟ ಮಾತು

ಆಟದ ಬಯಲಿನಲ್ಲಿ ಬಿದ್ದು ಮಂಡಿ ತರಚಿಕೊಂಡ ಮಗು ಮರುದಿನ ಶಾಲೆಗೆ ಬರುವಾಗ ಗಾಯದ ಸುತ್ತ ಕೆಂಪೇರಿ, ಊದಿಕೊಂಡು, ಮುಟ್ಟಿದರೆ ಬಿಸಿಯೆನಿಸುತ್ತದೆ. ಗಾಯ ಕೆಟ್ಟಿತೆಂದು ತಾಯಿ ಕಳವಳಗೊಳ್ಳುತ್ತಾಳೆ. ಶಾಲೆಯ ಈ ನೂರು ವರ್ಷಗಳಲ್ಲಿ ಅಂತಹ ಎಷ್ಟು ತಾಯಂದಿರನ್ನು ನಮ್ಮ ಹಿರಿಯ ಅಧ್ಯಾಪಕರು ಸಮಾಧಾನಪಡಿಸಿದ್ದಾರೋ ಲೆಕ್ಕವಿಲ್ಲ. ಆ ಕೆಂಪು, ಆ ಊತ ಗಾಯ ಕೆಟ್ಟದ್ದರ ಗುರುತಲ್ಲ, ಮಾಯಲು ತೊಡಗಿದ್ದರ ಮೊದಲ ಗುರುತು ಎಂಬುದನ್ನು ಅರಿಯಲು ಮನುಷ್ಯಕುಲಕ್ಕೆ ಶತಮಾನಗಳೇ ಹಿಡಿದವು.

ಸುಶ್ರುತ ಸಂಹಿತೆಯು ವ್ರಣದ ಊತವನ್ನು ಆಮ, ಪಚ್ಯಮಾನ, ಪಕ್ವ ಎಂದು ಮೂರು ಹಂತಗಳಾಗಿ ವಿಂಗಡಿಸಿ, ಹಂತವನ್ನರಿಯದೆ ಶಸ್ತ್ರವಿಡಬಾರದೆಂದು ವೈದ್ಯನನ್ನು ಎಚ್ಚರಿಸಿತು. ಕ್ರಿಸ್ತಶಕ ಒಂದನೆಯ ಶತಮಾನದ ರೋಮಿನ ಸೆಲ್ಸಸ್ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ಹೆಸರಿಸಿದನು. 1794ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಹಂಟರ್, ಉರಿಯೂತವು ತಾನಾಗಿ ಒಂದು ರೋಗವಲ್ಲ, ಪೆಟ್ಟಿಗೆ ದೇಹ ನೀಡುವ ಹಿತಕರವಾದ ಉತ್ತರ ಎಂದು ಸಾರಿದನು. 1882ರಲ್ಲಿ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿಯ ಮುಳ್ಳು ಚುಚ್ಚಿ, ಬೆಳಗಾಗುವಷ್ಟರಲ್ಲಿ ಚಲಿಸುವ ಕಣಗಳು ಮುಳ್ಳನ್ನು ಸುತ್ತುವರಿದದ್ದನ್ನು ಕಂಡನು. 1908ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು.

ಇಂದು ನಾವು ವಿಜ್ಞಾನದ ತರಗತಿಯಲ್ಲಿ ಹೇಳಿಕೊಡುವುದು ಇದನ್ನೇ. ಗಾಯವಾದೊಡನೆ ಸುತ್ತಲಿನ ರಕ್ತನಾಳಗಳು ಹಿಗ್ಗುತ್ತವೆ. ಅದರಿಂದ ಕೆಂಪು, ಬಿಸಿ. ನಾಳಗಳಿಂದ ದ್ರವ ಒಸರುತ್ತದೆ, ಅದರಿಂದ ಊತ. ಕೆಲವೇ ಗಂಟೆಗಳಲ್ಲಿ ಬಿಳಿ ರಕ್ತಕಣಗಳು ಬಂದು ರೋಗಾಣುಗಳನ್ನು ಕೊಲ್ಲುತ್ತವೆ. ಅವುಗಳ ಹಿಂದೆ ಬರುವ ಮಹಾಭಕ್ಷಕ ಕಣಗಳು ಕಸವನ್ನು ತೆಗೆದು, ಹೊಸ ಅಂಗಾಂಶ ಕಟ್ಟಲು ಕರೆ ಕೊಡುತ್ತವೆ. ಈ ಬೆಂಕಿ ಹೊತ್ತಬೇಕು, ಹೊತ್ತಿಗೆ ಸರಿಯಾಗಿ ಆರಲೂಬೇಕು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ತಿಂಗಳುಗಟ್ಟಲೆ ಮಾಯದಿರುವುದಕ್ಕೆ ಅದು ಆರದಿರುವುದೂ ಒಂದು ಕಾರಣ.

ಕೊಯಮತ್ತೂರು, ತಿರುಪ್ಪೂರು ಸೀಮೆಯ ನಮ್ಮ ನೇಕಾರ ಮನೆಗಳಲ್ಲಿ ಮಗ್ಗದ ಬಳಿ ಬೆರಳು ಕೊಯ್ದುಕೊಂಡವರಿಗೆ ಅಜ್ಜಿಯರು ಮೊದಲು ಹಚ್ಚುತ್ತಿದ್ದುದು ಅರಿಸಿನ. ನೆರೆಯ ಈರೋಡು ಅರಿಸಿನದ ದೊಡ್ಡ ಮಾರುಕಟ್ಟೆ. ಹೀಗಿರುವಾಗ 1995ರಲ್ಲಿ, ಗಾಯ ಮಾಯಿಸಲು ಅರಿಸಿನ ಬಳಸುವ ವಿಧಾನಕ್ಕೆ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ದೊರೆಯಿತು. ರಘುನಾಥ ಮಾಶೇಲ್ಕರ್ ಅವರ ನೇತೃತ್ವದ ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ 1996ರಲ್ಲಿ ಅದನ್ನು ಪ್ರಶ್ನಿಸಿತು. ಪ್ರಾಚೀನ ಸಂಸ್ಕೃತ ಗ್ರಂಥಗಳಿಂದ ಹಿಡಿದು ಭಾರತೀಯ ವೈದ್ಯಕೀಯ ಸಂಘದ ನಿಯತಕಾಲಿಕದ 1953ರ ಲೇಖನದವರೆಗೆ 32 ಬರಹಗಳನ್ನು ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು.

ಅರಿಸಿನ ಗಾಯವನ್ನು ಮಾಯಿಸುತ್ತದೆಯೇ ಎಂಬುದು ಅಲ್ಲಿ ತೀರ್ಮಾನವಾಗಲಿಲ್ಲ. ಆ ತಿಳಿವು ಹೊಸದಲ್ಲ ಎಂಬುದಷ್ಟೇ ತೀರ್ಮಾನವಾಯಿತು. ಆದ್ದರಿಂದ ಆಳವಾದ ಗಾಯಕ್ಕೆ, ಹಬ್ಬುವ ಕೆಂಪಿಗೆ, ಜ್ವರಕ್ಕೆ ವೈದ್ಯರೇ ಗತಿಯೆಂದು ಪೋಷಕರಿಗೆ ನಾವು ಹೇಳುತ್ತಲೇ ಬಂದಿದ್ದೇವೆ. ಆದರೆ ಈ ಪ್ರಕರಣದಲ್ಲಿ ನಮ್ಮನ್ನು ಕಾಡುವ ಸಂಗತಿ ಬೇರೆ. ಕೋಟ್ಯಂತರ ಅಜ್ಜಿಯರ ಅನುಭವ ಸಾಕ್ಷಿಯಾಗಿ ನಿಲ್ಲಲಿಲ್ಲ. ನಿಂತದ್ದು ಯಾರೋ ಬರೆದಿಟ್ಟ ಹಾಳೆಗಳು.

ನಮ್ಮ ಮಕ್ಕಳ ಮನೆಮಾತು ಕನ್ನಡ, ಬೀದಿಯ ಮಾತು ತಮಿಳು. ಮನೆಯ ಕನ್ನಡ ಅಕ್ಷರವಾಗುವುದು ಈ ಶಾಲೆಯಲ್ಲಿಯೇ. ಇಲ್ಲಿ ಅಕ್ಷರ ಕಲಿತ ಕೈ ಅಜ್ಜಿಯ ಒಂದು ಮಾತನ್ನಾದರೂ ಬರೆದಿಡಲಿ ಎಂಬುದು ಶತಮಾನದ ಈ ಹೊಸ್ತಿಲಲ್ಲಿ ನಿಂತ ನಮ್ಮ ಕೋರಿಕೆ.